ಕೊಲ್ಲುವುದು ಸುಲಭ, ಆರಿಸಿ ಕೊಲ್ಲುವುದು ಕಷ್ಟ: ಘಟ್ಟದ ಮರವೊಂದರ ಆಲ್ಕಲಾಯ್ಡ್ ಕಥೆ

"ಈ ಗಿಡದ ಎಲೆ ಅರೆದು ಕುಡಿದರೆ ಕ್ಯಾನ್ಸರ್ ಮಾಯ" ಅನ್ನುವ ಫಾರ್ವರ್ಡ್ ನಮ್ಮೆಲ್ಲರ ಮನೆಯ ಗ್ರೂಪಿಗೂ ಆಗಾಗ ಬಂದೇ ಬರುತ್ತೆ. ಸೈನ್ಸ್ ಓದಿದ ಮಕ್ಕಳು ಅಂತ ಚಿಕ್ಕಪ್ಪನೋ ದೊಡ್ಡಮ್ಮನೋ "ಇದು ನಿಜಾನಾ ನೋಡಪ್ಪ" ಅಂತ ನಮ್ಮನ್ನೇ ಕೇಳುತ್ತಾರೆ. ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡೇ. ಒಂದು, "ಎಲ್ಲಾ ಬರೀ ಸುಳ್ಳು". ಇನ್ನೊಂದು, "ನ್ಯಾಚುರಲ್ ಅಲ್ವಾ, ಏನೂ ಆಗಲ್ಲ ಬಿಡಿ". ಎರಡೂ ಸರಿಯಲ್ಲ. ಗಿಡಗಳಿಂದ ಬಂದ ಕ್ಯಾನ್ಸರ್ ಔಷಧಿಗಳು ಇವತ್ತು ನಮ್ಮ ಊರಿನ ಆಸ್ಪತ್ರೆಗಳಲ್ಲೇ ಬಳಕೆಯಲ್ಲಿವೆ. ಆದರೆ ಗಿಡದಿಂದ ಇಂಜೆಕ್ಷನ್ ಬಾಟಲಿಯವರೆಗಿನ ದಾರಿಗೆ ಕೆಲವು ಸಲ 30–50 ವರ್ಷ ಹಿಡಿದಿದೆ. ಅಷ್ಟು ಹೊತ್ತು ಯಾಕೆ ಬೇಕಾಯಿತು ಅನ್ನುವುದೇ ಈ ಲೇಖನದ ವಿಷಯ.

ಆಲ್ಕಲಾಯ್ಡ್ ಅಂದರೆ ಏನು?

ಗಿಡಗಳು ತಯಾರಿಸುವ, ನೈಟ್ರೋಜನ್ ಪರಮಾಣು ಇರುವ ಒಂದು ದೊಡ್ಡ ರಾಸಾಯನಿಕ ಗುಂಪಿಗೆ ಆಲ್ಕಲಾಯ್ಡ್ ಅಂತ ಹೆಸರು. ನಾವು ಬೆಳಿಗ್ಗೆ ಕುಡಿಯುವ ಕಾಫಿಯ ಕೆಫೀನ್, ಹೊಗೆಸೊಪ್ಪಿನ ನಿಕೋಟಿನ್, ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನೈನ್, ಮೆಣಸಿನ ಕಾಳಿನ ಪೈಪರಿನ್, ಗಸಗಸೆ ಗಿಡದ ಮಾರ್ಫಿನ್ ಎಲ್ಲವೂ ಇದೇ ಕುಟುಂಬದವು. ಗಿಡಕ್ಕೆ ಓಡಿಹೋಗಲು ಕಾಲಿಲ್ಲ. ಹಾಗಾಗಿ ತಿನ್ನಲು ಬರುವ ಹುಳಕ್ಕೆ, ದನಕ್ಕೆ, ಶಿಲೀಂಧ್ರಕ್ಕೆ ರಸಾಯನದಲ್ಲೇ ಉತ್ತರ ಕೊಡಬೇಕು. ಬಹಳಷ್ಟು ಆಲ್ಕಲಾಯ್ಡ್‌ಗಳು ಸ್ವಲ್ಪ ಪ್ರಮಾಣದಲ್ಲೇ ಜೋರಾಗಿ ಕೆಲಸ ಮಾಡುವುದು ಅದಕ್ಕೇ. ಅಂದರೆ ಅವು ಮೂಲದಲ್ಲಿ ವಿಷಗಳೇ.

ಕ್ಯಾನ್ಸರ್ ಔಷಧಿಯಾದ ಆಲ್ಕಲಾಯ್ಡ್‌ಗಳಲ್ಲಿ ಹೆಸರುವಾಸಿ ಆದದ್ದು ನಿತ್ಯಪುಷ್ಪದ್ದು. ನಮ್ಮ ಹಿತ್ತಿಲಲ್ಲಿ, ಹಾಸ್ಟೆಲ್ ಕಾಂಪೌಂಡಿನಲ್ಲಿ ನೀರು ಹಾಕದಿದ್ದರೂ ಹೂ ಬಿಡುವ ಗಿಡ. 1950ರ ದಶಕದಲ್ಲಿ ಕೆನಡಾದಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಇದನ್ನು ಪರೀಕ್ಷಿಸಲು ಹೊರಟದ್ದು ಸಕ್ಕರೆ ಕಾಯಿಲೆಗೆ. ಸಕ್ಕರೆ ಇಳಿಯಲಿಲ್ಲ, ಇಲಿಗಳ ಬಿಳಿ ರಕ್ತಕಣ ಇಳಿಯಿತು. ರಕ್ತದ ಕ್ಯಾನ್ಸರಿನಲ್ಲಿ ಹತೋಟಿ ತಪ್ಪಿ ಹೆಚ್ಚುವುದು ಬಿಳಿ ರಕ್ತಕಣಗಳೇ. ಈ ಗಿಡದಿಂದ ಬಂದ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಇಂದಿಗೂ ಬಳಕೆಯಲ್ಲಿವೆ. ಮಕ್ಕಳ ರಕ್ತ ಕ್ಯಾನ್ಸರ್ ಚಿಕಿತ್ಸೆಯಲ್ಲಿ ವಿನ್‌ಕ್ರಿಸ್ಟಿನ್ ಮುಖ್ಯ ಔಷಧಿ. ಕೋಶ ಎರಡಾಗುವಾಗ ಕ್ರೋಮೋಸೋಮುಗಳನ್ನು ಎರಡು ಕಡೆಗೆ ಎಳೆಯುವ ಸಣ್ಣ ಕೊಳವೆಗಳನ್ನು ಅದು ಕಟ್ಟಲು ಬಿಡುವುದಿಲ್ಲ. ಆದರೆ ಅದೇ ಕೊಳವೆಗಳು ನಮ್ಮ ನರಗಳಲ್ಲಿ ಸಾಮಾನು ಸಾಗಿಸುವ ಹಳಿಗಳೂ ಹೌದು. ಹಾಗಾಗಿ ಈ ಔಷಧಿ ತೆಗೆದುಕೊಂಡವರಲ್ಲಿ ಕೈಕಾಲು ಜುಮ್ಮೆನ್ನುವುದು, ಹಿಡಿತ ಸಡಿಲವಾಗುವುದು ಕಾಣಿಸುತ್ತೆ.

ಗಾಜಿನ ತಟ್ಟೆಯಲ್ಲಿ ಎಲ್ಲವೂ ಕೊಲ್ಲುತ್ತೆ

"ಇಂಥ ಗಿಡದ ರಸ ಕ್ಯಾನ್ಸರ್ ಕೋಶಗಳನ್ನು ಕೊಂದಿತು" ಅನ್ನುವ ಸುದ್ದಿಗಳು ಬಹುಮಟ್ಟಿಗೆ ಪ್ರಯೋಗಾಲಯದ ತಟ್ಟೆಯಿಂದ ಬಂದವು. ತಟ್ಟೆಯಲ್ಲಿ ಕೋಶ ಕೊಲ್ಲುವುದು ದೊಡ್ಡ ಸಾಹಸ ಅಲ್ಲ. ಫಿನಾಯಿಲ್ ಹಾಕಿದರೂ ಸಾಯುತ್ತೆ. ಕೇಳಬೇಕಾದ ಪ್ರಶ್ನೆ ಬೇರೆ: ಪಕ್ಕದ ತಟ್ಟೆಯಲ್ಲಿದ್ದ ಆರೋಗ್ಯವಂತ ಕೋಶಕ್ಕೆ ಏನಾಯಿತು?

ಇದನ್ನು ಅಳೆಯಲು ಸರಳವಾದ ಒಂದು ಅನುಪಾತ ಇದೆ. ಅರ್ಧ ಕೋಶಗಳನ್ನು ನಿಲ್ಲಿಸಲು ಎಷ್ಟು ಸಾಂದ್ರತೆ ಬೇಕು ಅಂತ ಎರಡೂ ಬಗೆಯ ಕೋಶಗಳಲ್ಲಿ ಅಳೆಯಿರಿ. ಆರೋಗ್ಯವಂತ ಕೋಶದ ಸಂಖ್ಯೆಯನ್ನು ಕ್ಯಾನ್ಸರ್ ಕೋಶದ ಸಂಖ್ಯೆಯಿಂದ ಭಾಗಿಸಿ. ಉದಾಹರಣೆಗೆ ಒಂದಕ್ಕೆ 20 ಘಟಕ, ಇನ್ನೊಂದಕ್ಕೆ 2 ಘಟಕ ಬೇಕಾದರೆ ಉತ್ತರ 10. ಎರಡಕ್ಕೂ ಒಂದೇ ಬೇಕಾದರೆ ಉತ್ತರ 1, ಅಂದರೆ ಅದು ಬರೀ ವಿಷ. ಇ.ಸಿ.ಯವರಿಗೆ ಇದು ಸಿಗ್ನಲ್ ಮತ್ತು ನಾಯ್ಸ್ ಲೆಕ್ಕದ ಹಾಗೆ ಕಾಣಬಹುದು.

ತಟ್ಟೆಯಲ್ಲಿ ಒಳ್ಳೆ ಅನುಪಾತ ಬಂದರೂ ಮುಂದೆ ದೇಹ ಇದೆ. ಮರದರಿಶಿನದಲ್ಲಿರುವ ಬರ್ಬರಿನ್ ಅನ್ನುವ ಆಲ್ಕಲಾಯ್ಡ್ ತಟ್ಟೆಯಲ್ಲಿ ಹಲವು ಕ್ಯಾನ್ಸರ್ ಕೋಶಗಳನ್ನು ತಡೆಯುತ್ತೆ. ಆದರೆ ಬಾಯಿಂದ ತೆಗೆದುಕೊಂಡರೆ ರಕ್ತಕ್ಕೆ ಸೇರುವುದು ಅತ್ಯಲ್ಪ. ತಟ್ಟೆಗೆ ಹಾಕಿದಷ್ಟು ಸಾಂದ್ರತೆ ರಕ್ತದಲ್ಲಿ ಬರುವುದೇ ಇಲ್ಲ. ತಟ್ಟೆಯಿಂದ ರೋಗಿಯವರೆಗೆ ಬಂದ ಒಂದು ಅಣುವಿನ ಕಥೆ ನೋಡೋಣ. ಅದಕ್ಕೆ ನಮ್ಮ ಘಟ್ಟದ ನಂಟೂ ಇದೆ.

ಎರಡು ಮರ, ಒಂದು ಅಣು

1966ರಲ್ಲಿ ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ ಮನ್ರೋ ವಾಲ್ ಮತ್ತು ಮನ್ಸುಖ್ ವಾಣಿ ಅವರ ತಂಡ ಚೀನಾ ಮೂಲದ ಕ್ಯಾಂಪ್ಟೋಥೀಕಾ ಎಂಬ ಮರದಿಂದ ಕ್ಯಾಂಪ್ಟೋಥೆಸಿನ್ ಎಂಬ ಆಲ್ಕಲಾಯ್ಡ್ ಬೇರ್ಪಡಿಸಿ ಅದರ ರಚನೆ ಪ್ರಕಟಿಸಿತು. ವಾಣಿ ಹುಟ್ಟಿದ್ದು 1925ರಲ್ಲಿ, ಮಹಾರಾಷ್ಟ್ರದ ನಂದುರ್‌ಬಾರ್‌ನಲ್ಲಿ. ಮುಂದೆ ಟ್ಯಾಕ್ಸಾಲ್ ಕಂಡುಹಿಡಿದವರೂ ಇದೇ ಜೋಡಿ.

1972ರಲ್ಲಿ ನಮ್ಮ ದೇಶದ ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಇದೇ ಅಣುವನ್ನು ಪಶ್ಚಿಮ ಘಟ್ಟದ ಇನ್ನೊಂದು ಮರದಲ್ಲಿ ಕಂಡರು. ಹೂವಿನ ಕೆಟ್ಟ ವಾಸನೆಯಿಂದಾಗಿ ಕನ್ನಡದಲ್ಲಿ ಇದನ್ನು ದುರ್ವಾಸನೆ ಮರ ಅಂತಾರೆ. ಹಳೆಯ ಲ್ಯಾಟಿನ್ ಹೆಸರಿನಲ್ಲೂ ಅದೇ ಅರ್ಥದ 'ಫೀಟಿಡಾ' ಇತ್ತು. ಈಗಿನ ವೈಜ್ಞಾನಿಕ ಹೆಸರು ನೊಥಾಪೊಡೈಟಿಸ್ ನಿಮ್ಮೋನಿಯಾನಾ. ಚೀನಾದ ಮರಕ್ಕೂ ಇದಕ್ಕೂ ಹತ್ತಿರದ ಸಂಬಂಧ ಇಲ್ಲ. ಆದರೂ ಅಣು ಒಂದೇ.

ಹಗ್ಗದ ಹುರಿ ಮತ್ತು ಡಿಎನ್‌ಎ

ಕ್ಯಾಂಪ್ಟೋಥೆಸಿನ್ ಏನು ಮಾಡುತ್ತೆ ಅಂತ ತಿಳಿಯಲು ಎರಡೆಳೆ ಹುರಿಹಗ್ಗ ನೆನಪಿಸಿಕೊಳ್ಳಿ. ಹಗ್ಗದ ಎರಡು ತುದಿಗಳನ್ನು ಬಿಗಿಯಾಗಿ ಕಟ್ಟಿ, ನಡುವೆ ಒಂದು ಕೋಲು ತೂರಿಸಿ ಎಳೆಗಳನ್ನು ಬಿಡಿಸುತ್ತಾ ಹೋದರೆ ಕೋಲಿನ ಮುಂದಿನ ಹುರಿ ಬಿಗಿಯಾಗುತ್ತಾ ಕೊನೆಗೆ ಗಂಟು ಬೀಳುತ್ತೆ. ಡಿಎನ್‌ಎ ಕೂಡ ಎರಡೆಳೆಯ ಹುರಿ. ಹತ್ತೂವರೆ ಜೋಡಿಗೆ ಒಂದು ಸುತ್ತು. ಕೋಶ ಎರಡಾಗುವ ಮೊದಲು ಡಿಎನ್‌ಎ ಪ್ರತಿ ಮಾಡುವ ಯಂತ್ರ ನಮ್ಮ ಕೋಶಗಳಲ್ಲಿ ನಿಮಿಷಕ್ಕೆ ಸುಮಾರು ಒಂದರಿಂದ ಎರಡು ಸಾವಿರ ಜೋಡಿ ಬಿಡಿಸುತ್ತಾ ಸಾಗುತ್ತೆ. ಲೆಕ್ಕ ಹಾಕಿ: ನಿಮಿಷಕ್ಕೆ ಸುಮಾರು 100ರಿಂದ 200 ಸುತ್ತು. ನಿಧಾನಕ್ಕೆ ಇಟ್ಟ ಸೀಲಿಂಗ್ ಫ್ಯಾನಿನ ವೇಗ. ಆ ತಿರುಚು ಎಲ್ಲಾದರೂ ಹೋಗಬೇಕಲ್ಲ?

ಅದಕ್ಕೆ ಟೋಪೋಐಸೋಮರೇಸ್-1 ಎಂಬ ಕಿಣ್ವ ಇದೆ. ಅದು ಎರಡೆಳೆಯಲ್ಲಿ ಒಂದನ್ನು ಮಾತ್ರ ಕತ್ತರಿಸಿ, ತುಂಡಾದ ತುದಿಯನ್ನು ತಾನೇ ಹಿಡಿದುಕೊಂಡು, ಇನ್ನೊಂದು ಎಳೆಯ ಸುತ್ತ ತಿರುಗಲು ಬಿಟ್ಟು, ಮತ್ತೆ ಬೆಸೆಯುತ್ತೆ. ಕ್ಯಾಂಪ್ಟೋಥೆಸಿನ್ ಹೋಗಿ ಕೂರುವುದು ಸರಿಯಾಗಿ ಈ ಕತ್ತರಿಸಿದ ಜಾಗದಲ್ಲಿ. ಬಾಗಿಲ ಸಂದಿಗೆ ಚಕ್ಕೆ ಸಿಕ್ಕಿಸಿದ ಹಾಗೆ. ಬೆಸುಗೆ ಆಗುವುದಿಲ್ಲ. 1985ರಲ್ಲಿ ಲೆರಾಯ್ ಲಿಯು ಅವರ ತಂಡ ಇದನ್ನು ತೋರಿಸಿತು.

ಬರೀ ಸಿಕ್ಕಿಕೊಂಡರೆ ಕೋಶ ಸಾಯುವುದಿಲ್ಲ. ಔಷಧಿ ಹೋದ ಮೇಲೆ ಕಿಣ್ವ ಮತ್ತೆ ಬೆಸೆಯುತ್ತೆ. ಆದರೆ ಅದೇ ಹೊತ್ತಿಗೆ ಪ್ರತಿ ಮಾಡುವ ಯಂತ್ರ ಬಂದು ಗುದ್ದಿದರೆ ಒಂದೆಳೆಯ ಸೀಳು ಎರಡೆಳೆಯ ಮುರಿತ ಆಗುತ್ತೆ. ಸಾವು ಬರುವುದು ಅಲ್ಲಿಂದ. ಆದ್ದರಿಂದ ಡಿಎನ್‌ಎ ಪ್ರತಿ ಮಾಡುತ್ತಿರುವ ಕೋಶಗಳಿಗೇ ಹೆಚ್ಚು ಪೆಟ್ಟು. ಕ್ಯಾನ್ಸರ್ ಕೋಶಗಳು ಈ ಕೆಲಸದಲ್ಲೇ ತೊಡಗಿರುತ್ತವೆ. ಇದು ಮೊದಲ ಹಂತದ ಆಯ್ಕೆ.

ಆದರೆ ಒರಟು ಆಯ್ಕೆ. ಮೂಳೆಮಜ್ಜೆ, ಕರುಳಿನ ಒಳಪದರ, ಕೂದಲ ಬುಡ ಇವೂ ದಿನಾ ವಿಭಜಿಸುವ ಕೋಶಗಳೇ. ಕೀಮೋ ತೆಗೆದುಕೊಂಡವರಿಗೆ ಕೂದಲು ಉದುರುವುದು, ಭೇದಿ ಆಗುವುದು, ರಕ್ತಕಣ ಇಳಿಯುವುದು ಇದೇ ಕಾರಣಕ್ಕೆ.

ಇಲ್ಲೊಂದು ಪ್ರಶ್ನೆ ಏಳುತ್ತೆ. ಮರದ ಕೋಶಕ್ಕೂ ಇದೇ ಕಿಣ್ವ ಬೇಕು. ಹಾಗಾದರೆ ಮರ ಯಾಕೆ ಸಾಯಲ್ಲ? ಕ್ಯಾಂಪ್ಟೋಥೀಕಾ ಮರದ ಕಿಣ್ವದಲ್ಲಿ ಒಂದು ಅಮೈನೋ ಆಮ್ಲ ಬದಲಾಗಿದೆ, ಅಣು ಅಲ್ಲಿ ಸರಿಯಾಗಿ ಕೂರುವುದಿಲ್ಲ ಅಂತ 2008ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಈ ಔಷಧಿಗೆ ಬಗ್ಗದ ಮನುಷ್ಯರ ರಕ್ತ ಕ್ಯಾನ್ಸರ್ ಕೋಶಗಳಲ್ಲೂ ಅದೇ ಜಾಗದಲ್ಲಿ ಅದೇ ಬದಲಾವಣೆ ಕಂಡಿತ್ತು. ಮರ ತನ್ನನ್ನು ಕಾಪಾಡಿಕೊಂಡ ಉಪಾಯವನ್ನೇ ಕ್ಯಾನ್ಸರ್ ಕೂಡ ಕಂಡುಕೊಂಡಿದೆ. ಡಾಕ್ಟರುಗಳು ಒಂದೇ ಔಷಧಿಯನ್ನು ನಂಬಿ ಕೂರದಿರಲು ಇಂಥ ಪ್ರತಿರೋಧವೂ ಒಂದು ಕಾರಣ.

1970ರ ದಶಕದ ಸೋಲು

ಕ್ಯಾಂಪ್ಟೋಥೆಸಿನ್ ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಇಂಜೆಕ್ಷನ್ ಕೊಡಲು ಕರಗಬೇಕಲ್ಲ? ಹಾಗಾಗಿ ಅದರ ಸೋಡಿಯಂ ಲವಣ ಮಾಡಿ ರೋಗಿಗಳಿಗೆ ಕೊಟ್ಟು ನೋಡಿದರು. ಲವಣ ಕರಗಿತು. ಆದರೆ ಲವಣ ಮಾಡುವಾಗ ಅಣುವಿನ ಐದನೇ ಉಂಗುರ ಬಿಚ್ಚಿಕೊಂಡಿತ್ತು, ಮತ್ತು ಆ ಉಂಗುರ ಮುಚ್ಚಿದ್ದರೆ ಮಾತ್ರ ಅಣು ಕೆಲಸ ಮಾಡುವುದು. ರಕ್ತದ ಪಿಎಚ್ 7.4ರಲ್ಲಿ ಉಂಗುರ ಬಿಚ್ಚಿಕೊಂಡೇ ಇರಲು ಬಯಸುತ್ತೆ. ಅದರ ಮೇಲೆ ರಕ್ತದ ಅಲ್ಬುಮಿನ್ ಪ್ರೋಟೀನ್ ಬಿಚ್ಚಿದ ರೂಪವನ್ನೇ ಹಿಡಿದಿಟ್ಟುಕೊಳ್ಳುತ್ತೆ. ಗಡ್ಡೆಗೆ ಹೋಗಿ ಮುಟ್ಟುವಾಗ ಔಷಧಿಯಲ್ಲಿ ಹುರುಪೇ ಇಲ್ಲ. ಮೂತ್ರ ಸಾಮಾನ್ಯವಾಗಿ ಆಮ್ಲೀಯ. ಅಲ್ಲಿ ಉಂಗುರ ಮತ್ತೆ ಮುಚ್ಚಿ ಮೂತ್ರಕೋಶವನ್ನು ಸುಟ್ಟಿತು. ರೋಗಿಗಳಿಗೆ ರಕ್ತಮೂತ್ರ, ತೀವ್ರ ಭೇದಿ, ರಕ್ತಕಣಗಳ ಕುಸಿತ. ಪ್ರಯೋಗ ನಿಲ್ಲಿಸಬೇಕಾಯಿತು.

ಒಂದು ಪ್ಯಾರಾಮೀಟರ್ ಸರಿ ಮಾಡಲು ಹೋಗಿ ಇನ್ನೊಂದನ್ನು ಕೆಡಿಸುವುದು ಯಾವುದೇ ಡಿಸೈನ್ ಮಾಡಿದವರಿಗೂ ಗೊತ್ತಿರುವ ಕಷ್ಟ. ಇಲ್ಲಿ ಅದರ ಬೆಲೆ ಕೊಟ್ಟವರು ರೋಗಿಗಳು. ಇದೇ ಅಣು ತಟ್ಟೆಯಲ್ಲಿ, ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು ಅನ್ನುವುದನ್ನು ಮರೆಯಬಾರದು.

ಎರಡನೇ ಸುತ್ತು

ಗುರಿ ಯಾವುದು ಅಂತ 1985ರಲ್ಲಿ ಗೊತ್ತಾದ ಮೇಲೆ ಕೆಲಸಕ್ಕೆ ಮತ್ತೆ ಜೀವ ಬಂತು. ಉಂಗುರ ಮುಟ್ಟದೆ, ಅಣುವಿನ ಇನ್ನೊಂದು ತುದಿಗೆ ನೀರಲ್ಲಿ ಕರಗುವ ಗುಂಪು ಜೋಡಿಸಿದರು. ಹಾಗೆ ಬಂದ ಟೋಪೊಟೆಕನ್ ಮತ್ತು ಇರಿನೊಟೆಕನ್ ಎರಡಕ್ಕೂ 1996ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಒಂದು ಅಂಡಾಶಯದ ಕ್ಯಾನ್ಸರಿಗೆ, ಇನ್ನೊಂದು ದೊಡ್ಡ ಕರುಳಿನ ಕ್ಯಾನ್ಸರಿಗೆ. ಇರಿನೊಟೆಕನ್ ಅಭಿವೃದ್ಧಿಪಡಿಸಿದ್ದು ಜಪಾನಿನ ಯಾಕುಲ್ಟ್, ಅಂಗಡಿಯಲ್ಲಿ ಸಣ್ಣ ಬಾಟಲಿಯಲ್ಲಿ ಸಿಗುವ ಆ ಹುಳಿಹಾಲಿನ ಕಂಪನಿಯೇ.

ಇರಿನೊಟೆಕನ್ ಹಾಗೇ ಹೆಚ್ಚು ಕೆಲಸ ಮಾಡಲ್ಲ. ದೇಹದೊಳಗೆ, ಮುಖ್ಯವಾಗಿ ಯಕೃತ್ತಿನಲ್ಲಿ, ಒಂದು ಕಿಣ್ವ ಅದನ್ನು ಕತ್ತರಿಸಿ ಎಸ್‌ಎನ್-38 ಎಂಬ ಅಣು ಮಾಡುತ್ತೆ. ಇದು ಮೂಲಕ್ಕಿಂತ ನೂರರಿಂದ ಸಾವಿರ ಪಟ್ಟು ತೀಕ್ಷ್ಣ. ಆಮೇಲೆ ಯುಜಿಟಿ1ಎ1 ಎಂಬ ಇನ್ನೊಂದು ಕಿಣ್ವ ಇದಕ್ಕೆ ಒಂದು ಸಕ್ಕರೆಯಂಥ ಮುಚ್ಚಳ ಹಾಕಿ ಪಿತ್ತದ ಮೂಲಕ ಕರುಳಿಗೆ ಕಳಿಸುತ್ತೆ. ಅಲ್ಲಿ ನಮ್ಮ ಕರುಳಿನ ಬ್ಯಾಕ್ಟೀರಿಯಾ ಆ ಮುಚ್ಚಳವನ್ನು ತಿನ್ನಲು ಕಿತ್ತುಕೊಳ್ಳುತ್ತವೆ. ವಿಷ ಮತ್ತೆ ಬಿಡುಗಡೆ, ಕರುಳಿಗೆ ಗಾಯ, ಭೇದಿ. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬ್ಯಾಕ್ಟೀರಿಯಾದ ಆ ಕಿಣ್ವವನ್ನಷ್ಟೇ ತಡೆದಾಗ ಇಲಿಗಳಿಗೆ ಈ ತೊಂದರೆ ತಪ್ಪಿತು.

ಇನ್ನೊಂದು ವಿಷಯ: ಕೆಲವರಿಗೆ ಹುಟ್ಟಿನಿಂದಲೇ ಯುಜಿಟಿ1ಎ1 ಮಂದ. ಅವರಿಗೆ ಮಾಮೂಲು ಡೋಸೇ ಅತಿಯಾಗುತ್ತೆ. 2005ರಿಂದ ಈ ಔಷಧಿಯ ಅಮೆರಿಕದ ಲೇಬಲ್ಲಿನಲ್ಲೇ ಈ ಎಚ್ಚರಿಕೆ ಇದೆ. ಒಂದೇ ಔಷಧಿ, ಒಂದೇ ಡೋಸ್, ಇಬ್ಬರಲ್ಲಿ ಎರಡು ಫಲ.

ವಿಳಾಸ ಬರೆದು ಕಳಿಸುವ ಕಾಲ

ಇಷ್ಟಾದರೂ ಔಷಧಿ ದೇಹದ ಎಲ್ಲ ಕಡೆ ಹರಡುತ್ತಿತ್ತು. ಮುಂದಿನ ಹೆಜ್ಜೆ, ಅದನ್ನು ಗಡ್ಡೆಯ ವಿಳಾಸಕ್ಕೇ ಕಳಿಸುವುದು. ಕೆಲವು ಕ್ಯಾನ್ಸರ್ ಕೋಶಗಳ ಮೈಮೇಲೆ ಕೆಲವು ಪ್ರೋಟೀನುಗಳು ವಿಪರೀತ ಇರುತ್ತವೆ. ಅವನ್ನು ಗುರುತು ಹಿಡಿಯುವ ಆಂಟಿಬಾಡಿಗೆ ನಮ್ಮ ಅಣುವನ್ನು ಕಟ್ಟಿ ಕಳಿಸಿದರೆ? ಇದರಲ್ಲಿ ಭಾಗಗಳು ಮೂರು: ವಿಳಾಸ ಹುಡುಕುವ ಆಂಟಿಬಾಡಿ, ಸರಕು, ಎರಡನ್ನೂ ಜೋಡಿಸುವ ಕೊಂಡಿ. ಕೊಂಡಿ ರಕ್ತದಲ್ಲಿ ಬಿಚ್ಚಬಾರದು, ಗಡ್ಡೆ ತಲುಪಿದ ಮೇಲೆ ಬಿಚ್ಚದೇ ಇರಬಾರದು.

2019ರ ಡಿಸೆಂಬರಿನಲ್ಲಿ ಎಫ್‌ಡಿಎ ಒಪ್ಪಿದ ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕನ್ ಇಂಥದ್ದು. ಹರ್-2 ಎಂಬ ಪ್ರೋಟೀನ್ ಹೆಚ್ಚಿರುವ ಸ್ತನ ಕ್ಯಾನ್ಸರಿಗೆ ಅದನ್ನು ಮೊದಲು ಕೊಟ್ಟರು. ಒಂದೊಂದು ಆಂಟಿಬಾಡಿಯ ಮೇಲೆ ಕ್ಯಾಂಪ್ಟೋಥೆಸಿನ್ ವಂಶದ ಸುಮಾರು ಎಂಟು ಅಣು. 2020ರಲ್ಲಿ ಬಂದ ಸಾಸಿಟುಜುಮಾಬ್ ಗೊವಿಟೆಕನ್ನಿನ ಸರಕು, ಮೇಲೆ ಹೇಳಿದ ಅದೇ ಎಸ್‌ಎನ್-38. 2022ರಲ್ಲಿ ಪ್ರಕಟವಾದ ದೊಡ್ಡ ಹೋಲಿಕೆಯೊಂದರಲ್ಲಿ, ಹರಡಿದ ಹರ್-2 ಸ್ತನ ಕ್ಯಾನ್ಸರ್ ಇದ್ದವರಲ್ಲಿ 12 ತಿಂಗಳಾದರೂ ರೋಗ ಮುಂದುವರಿಯದೆ ಇದ್ದವರು ಮೊದಲ ಔಷಧಿ ಪಡೆದ ಗುಂಪಿನಲ್ಲಿ ಶೇ. 75.8. ಆಗ ಬಳಕೆಯಲ್ಲಿದ್ದ ಔಷಧಿಯ ಗುಂಪಿನಲ್ಲಿ ಶೇ. 34.1. ಅದೇ ಅಧ್ಯಯನದಲ್ಲಿ ಹೊಸ ಔಷಧಿಯ ಗುಂಪಿನ ಶೇ. 10.5 ಮಂದಿಗೆ ಶ್ವಾಸಕೋಶದ ಉರಿಯೂತದ ತೊಂದರೆ ಬಂತು. ವಿಳಾಸ ಬರೆದರೂ ಎಲ್ಲ ಅಂಚೆಯೂ ಸರಿಯಾದ ಮನೆಗೇ ಹೋಗುತ್ತೆ ಅಂತ ಇಲ್ಲ. ಆರೋಗ್ಯವಂತ ಕೋಶಗಳ ಮೇಲೂ ಅದೇ ಪ್ರೋಟೀನ್ ಸ್ವಲ್ಪ ಇರುತ್ತೆ.

1966ರಿಂದ 2019: 53 ವರ್ಷ. ಅಣುವಿನ ಕೊಲ್ಲುವ ಶಕ್ತಿ ಮೊದಲ ದಿನದಿಂದಲೂ ಇತ್ತು. ಉಳಿದ ಕಾಲವೆಲ್ಲ ಹೋದದ್ದು ಅದು ಯಾರನ್ನು ಕೊಲ್ಲಬೇಕು, ಯಾರನ್ನು ಬಿಡಬೇಕು ಅಂತ ಕಲಿಸುವುದಕ್ಕೆ.

ಮರದ ಪಾಡು ಏನು?

ಟೋಪೊಟೆಕನ್, ಇರಿನೊಟೆಕನ್ ತಯಾರಿಸಲು ಮರದಿಂದ ತೆಗೆದ ಕ್ಯಾಂಪ್ಟೋಥೆಸಿನ್ನೇ ಕಚ್ಚಾ ಸಾಮಗ್ರಿ. ದುರ್ವಾಸನೆ ಮರದ ಒಣಗಿದ ಕಾಂಡ, ಬೇರುಗಳಲ್ಲಿ ಅದು ಸಾವಿರದಲ್ಲಿ ಒಂದೆರಡು ಭಾಗ ಸಿಗುತ್ತೆ. ಎಲೆ ಕಿತ್ತರೆ ಮರ ಉಳಿಯುತ್ತೆ, ಕಾಂಡ, ಬೇರು ಬೇಕಾದರೆ ಮರವೇ ಹೋಗುತ್ತೆ. ಕಳೆದ ಕೆಲವು ದಶಕಗಳಲ್ಲಿ ಘಟ್ಟದಲ್ಲಿ ಈ ಮರಗಳು ಬಹಳ ಕಡಿಮೆಯಾಗಿವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ಘಟ್ಟದ ಬೇರೆ ಬೇರೆ ಕಡೆಯ ಮರಗಳನ್ನು ಅಳೆದು, ಮರದಿಂದ ಮರಕ್ಕೆ ಪ್ರಮಾಣ ಬಹಳ ವ್ಯತ್ಯಾಸ ಆಗುತ್ತೆ ಅಂತ ತೋರಿಸಿದ್ದಾರೆ. ಹೆಚ್ಚು ಇರುವ ಮರಗಳನ್ನು ಗುರುತಿಸಿ ತೋಟದಲ್ಲಿ ಬೆಳೆಸಿದರೆ ಕಾಡಿನ ಮೇಲಿನ ಒತ್ತಡ ಇಳಿಯಬಹುದು. ಮರದೊಳಗೆ ಬದುಕುವ ಕೆಲವು ಶಿಲೀಂಧ್ರಗಳೂ ಈ ಅಣು ತಯಾರಿಸುತ್ತವೆ. ಆದರೆ ಪ್ರಯೋಗಾಲಯದಲ್ಲಿ ತಲೆಮಾರು ಕಳೆದ ಹಾಗೆ ಅವುಗಳ ಉತ್ಪಾದನೆ ಇಳಿದುಹೋಗುತ್ತೆ.

ನಿತ್ಯಪುಷ್ಪದ ಕಡೆ ಇನ್ನೊಂದು ದಾರಿ ತೆರೆದಿದೆ. 2022ರಲ್ಲಿ ಸಂಶೋಧಕರು ಯೀಸ್ಟಿನ ಜೀನುಗಳಲ್ಲಿ 56 ತಿದ್ದುಪಡಿ ಮಾಡಿ, ವಿನ್‌ಬ್ಲಾಸ್ಟಿನ್ನಿನ ಎರಡು ಅರ್ಧಗಳನ್ನು ಯೀಸ್ಟಿನಿಂದಲೇ ಮಾಡಿಸಿ, ಆಮೇಲೆ ರಾಸಾಯನಿಕವಾಗಿ ಜೋಡಿಸಿದರು. ಇನ್ನು ಅದನ್ನು ಲೀಟರಿನಿಂದ ಸಾವಿರ ಲೀಟರಿಗೆ ಏರಿಸುವ ಕೆಲಸ ಬಯೋಟೆಕ್, ಕೆಮಿಕಲ್, ಇನ್‌ಸ್ಟ್ರುಮೆಂಟೇಶನ್‌ನವರದು.

ಮನೆಯವರಿಗೆ ಏನು ಹೇಳೋಣ?

ಮುಂದಿನ ಫಾರ್ವರ್ಡ್ ಬಂದಾಗ ನಾಲ್ಕು ಪ್ರಶ್ನೆ ಕೇಳಿ. ಪರೀಕ್ಷೆ ನಡೆದದ್ದು ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ? ಆರೋಗ್ಯವಂತ ಕೋಶಕ್ಕೆ ಏನಾಯಿತು? ತಟ್ಟೆಗೆ ಹಾಕಿದ ಸಾಂದ್ರತೆ ರಕ್ತದಲ್ಲಿ ಬರುತ್ತಾ? ಈಗ ಇರುವ ಚಿಕಿತ್ಸೆಗೆ ಹೋಲಿಸಿ ನೋಡಿದ್ದಾರಾ?

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. "ಕೀಮೋ ಜೊತೆಗೆ ಸ್ವಲ್ಪ ಕಷಾಯ, ತೊಂದರೆ ಏನು" ಅನ್ನುವವರು ಬಹಳ ಮಂದಿ. ಮನಸ್ಸು ಕುಗ್ಗಿದಾಗ ಜನ ಬಳಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಯುರೋಪಿನ ಮೂಲಿಕೆಯನ್ನು ಇರಿನೊಟೆಕನ್ ಜೊತೆ ಕೊಟ್ಟು 2002ರಲ್ಲಿ ಅಳೆದಾಗ, ರೋಗಿಗಳ ರಕ್ತದಲ್ಲಿ ಎಸ್‌ಎನ್-38 ಶೇ. 42ರಷ್ಟು ಇಳಿಯಿತು. ಆ ಮೂಲಿಕೆ ಕ್ಯಾನ್ಸರಿಗೆ ನೇರವಾಗಿ ಏನೂ ಮಾಡಲಿಲ್ಲ, ಯಕೃತ್ತಿನ ಕಿಣ್ವಗಳನ್ನು ಚುರುಕು ಮಾಡಿತು, ಅಷ್ಟೇ. ರೋಗಿ ಔಷಧಿಯ ಕಷ್ಟ ಅನುಭವಿಸುತ್ತಾ ಅದರ ಅರ್ಧದಷ್ಟು ಲಾಭ ಕಳೆದುಕೊಳ್ಳಬಹುದು, ಹೊರಗೆ ಗೊತ್ತೂ ಆಗಲ್ಲ.

ಹಾಗಾಗಿ ಮನೆಯಲ್ಲಿ ಯಾರಾದರೂ ಚಿಕಿತ್ಸೆಯಲ್ಲಿದ್ದರೆ, ಅವರು ತೆಗೆದುಕೊಳ್ಳುತ್ತಿರುವ ಪುಡಿ, ಕಷಾಯ, ಮಾತ್ರೆ ಎಲ್ಲದರ ಪಟ್ಟಿ ಮಾಡಿ ಕ್ಯಾನ್ಸರ್ ಡಾಕ್ಟರಿಗೆ ತೋರಿಸಿ. ಬೈತಾರೇನೋ ಅಂತ ಹೆದರಿ ಮುಚ್ಚಿಡುವ ಹಿರಿಯರೇ ಜಾಸ್ತಿ, ಆ ಪಟ್ಟಿ ಬರೆದುಕೊಡುವ ಕೆಲಸ ನಾವೇ ಮಾಡಬಹುದು. ಚಿಕಿತ್ಸೆ ನಿಲ್ಲಿಸಿ ಎಲೆ ಅರೆದು ಕುಡಿಯುವುದಂತೂ ಬೇಡ. ಗಿಡದಲ್ಲಿ ಔಷಧಿ ಇಲ್ಲ ಅಂತ ಅಲ್ಲ. ಗಿಡದಲ್ಲಿರುವ ವಿಷಕ್ಕೆ ಡೋಸ್ ಗೊತ್ತಿಲ್ಲ, ವಿಳಾಸವೂ ಗೊತ್ತಿಲ್ಲ. ಅವೆರಡನ್ನೂ ಸೇರಿಸಲು ಹಲವು ದೇಶಗಳ ಜನ ಐದು ದಶಕ ಕೆಲಸ ಮಾಡಿದ್ದಾರೆ, ಇನ್ನೂ ಮಾಡುತ್ತಿದ್ದಾರೆ.